ಎಲೆಕೋಸಿನ ಕಾಲದ ಹಾಲು

ಹಾಲಿನ ಕ್ಯಾನಿನ ಮುಚ್ಚಳ ತೆಗೆದಾಗ ಮೊದಲ ಉಸಿರಿಗೆ ಸಿಕ್ಕಿದ್ದೇ ನಿಜ. ಎರಡನೆಯ ಉಸಿರಿಗೆ ಆ ಬೆಚ್ಚಗಿನ ಗಾಳಿ ಹಾರಿಹೋಗಿರುತ್ತದೆ. ಮೂರನೆಯದಕ್ಕೆ ಮೂಗು ರೂಢಿ ಮಾಡಿಕೊಂಡು ಎಲ್ಲ ಸರಿಯಾಗಿದೆ ಅನ್ನತೊಡಗುತ್ತದೆ. ಡೈರಿಯ ಕಟ್ಟೆಯ ಮೇಲೆ ನಿಂತು ಇಪ್ಪತ್ತೆರಡು ವರ್ಷದಿಂದ ಹಾಲು ಪರೀಕ್ಷೆ ಮಾಡುತ್ತಿದ್ದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಟ್ಟೆಯವರು ಅವಳನ್ನು ಮೂಗಿನ ಮೇಡಂ ಅನ್ನುತ್ತಿದ್ದರು. ಅವಳ ಅಕ್ಕ ಒಬ್ಬಳು ಮಾತ್ರ, ನಲವತ್ತಾರು ತುಂಬಿದ ಮೇಲೂ, ಪುಟ್ಟಿ ಅನ್ನುತ್ತಿದ್ದಳು. ಆ ಅಕ್ಕ ತೀರಿಹೋಗಿ ಎಪ್ಪತ್ತು ದಿನವಾಗಿತ್ತು. ನಾವು ಇವಳನ್ನು ತಂಗಿ ಅಂತಲೇ ಕರೆಯೋಣ. ತಂಗಿಯಾಗಿರುವ ಕೆಲಸವನ್ನು ಇವಳು ಎಷ್ಟರಮಟ್ಟಿಗೆ ಮಾಡಿದಳು ಅನ್ನುವುದೇ ಇಲ್ಲಿರುವ ಮಾತು.

ಅವಳ ಮೂಗಿನ ಬಗ್ಗೆ ಕಟ್ಟೆಯಲ್ಲಿ ಬೇಕಾದಷ್ಟು ಕತೆಗಳಿದ್ದವು. ಮುಚ್ಚಳ ಎತ್ತಿ ಒಮ್ಮೆ ಮೂಸಿ, "ರಸಮೇವಿನ ಗುಂಡಿ ನಿನ್ನೆ ತೆಗೆದ್ರಾ? ಹುಳಿ ಬರೋಕೆ ಮುಚ್ಚಿಟ್ಟ ಹುಲ್ಲಿನ ಮೇಲಿನ ಪದರ ಕೊಳೆತಿದೆ, ಅದನ್ನ ಹಾಕಬೇಡಿ" ಅನ್ನುತ್ತಿದ್ದಳು. ಹಿಂಡಿಯಲ್ಲಿ ಮೀನಿನ ಪುಡಿ ಜಾಸ್ತಿ ಬೆರೆತದ್ದು, ಹಸು ಈರುಳ್ಳಿ ಹೊಲಕ್ಕೆ ನುಗ್ಗಿದ್ದು, ಒಣಹುಲ್ಲಿಗೆ ಬೂಷ್ಟು ಹಿಡಿದದ್ದು ಎಲ್ಲವೂ ಅವಳಿಗೆ ಕ್ಯಾನಿನ ಬಾಯಲ್ಲೇ ತಿಳಿಯುತ್ತಿತ್ತು. ಕೆನೆಯ ಬಣ್ಣ ನೋಡಿಯೇ ಹಸು ಬಯಲಲ್ಲಿ ಮೇಯುತ್ತಿದೆಯೋ, ಕಟ್ಟಿಹಾಕಿ ಕಾಳು ತಿನ್ನಿಸುತ್ತಿದ್ದಾರೋ ಹೇಳುತ್ತಿದ್ದಳು. ಹಸಿ ಹುಲ್ಲಿನ ಕೆನೆ ಹಳದಿ, ಕಾಳಿನದು ಬಿಳಿ. ಕ್ಯಾನು ತೊಳೆಯುವ ಹೆಂಗಸು ಎಲ್ಲರಿಗೂ ಕೇಳುವ ಹಾಗೆ, "ಸುತ್ತಮುತ್ತಲಿನ ಹಸುಗಳು ನಿನ್ನೆ ಏನೇನು ತಿಂದ್ವು ಅಂತ ಮೇಡಂಗೆ ಗೊತ್ತು. ಮನೆ ಯಜಮಾನ್ರು ಏನು ತಿಂದ್ರು ಅಂತ ಕೇಳಿ ನೋಡೋಣ!" ಅನ್ನುತ್ತಿದ್ದಳು. ಮೊದಲೆಲ್ಲ ತಂಗಿಯೂ ನಗುತ್ತಿದ್ದಳು. ಈಗ ನಗಬೇಕಾದಾಗ ತುಟಿ ಅಗಲ ಮಾಡುತ್ತಿದ್ದಳು.

ಅಕ್ಕ ಹೋದ ಮೂರನೆಯ ದಿನಕ್ಕೇ ಕೆಲಸಕ್ಕೆ ಬಂದಿದ್ದಳು. ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ನೋಡಿದವರು ಗಟ್ಟಿಗಿತ್ತಿ ಅಂದರು, ಮರೆಯಲ್ಲಿ ಕಲ್ಲೆದೆಯವಳು ಅಂದರು. ಎರಡೂ ಸುಳ್ಳು. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ಕೆನ್ನೆ ಇರುತ್ತದಲ್ಲ, ಮುಟ್ಟಿದರೆ ಬೆರಳಿಗೆ ಗೊತ್ತಾಗುತ್ತದೆ, ಕೆನ್ನೆಗೆ ಗೊತ್ತಾಗುವುದಿಲ್ಲ, ಹಾಗಿದ್ದಳು ಅವಳು. ಊಟ ಮಾಡುತ್ತಿದ್ದಳು, ನಿದ್ದೆ ಮಾಡುತ್ತಿದ್ದಳು, ಬಸ್ಸು ಹತ್ತಿ ಇಳಿಯುತ್ತಿದ್ದಳು. ಅವಳಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದದ್ದು ಮೂಗು ಒಂದೇ.

ಆ ಮೂಗು ಒಂದು ಬೆಳಿಗ್ಗೆ ನಲವತ್ತೆರಡನೇ ನಂಬರಿನ ಕ್ಯಾನಿನ ಮೇಲೆ ಬಗ್ಗಿತು. ತಕ್ಷಣ ಹಿಂದೆ ಸರಿಯಿತು. ಎಲೆಕೋಸು. ಬೇಯಿಸಿಟ್ಟು ಮರೆತ ಎಲೆಕೋಸಿನ ಹಾಗೆ, ಗಂಧಕ ಬೆರೆತ ಸಿಹಿ ವಾಸನೆ. ಸೌಟಿನಲ್ಲಿ ಒಂದಿಷ್ಟು ತೆಗೆದು ಬಾಯಿಗೆ ಹಾಕಿಕೊಂಡು, ನಾಲಗೆಯ ಹಿಂಬದಿಗೆ ಉರುಳಿಸಿ ಉಗಿದಳು. ಅನುಮಾನವೇ ಇರಲಿಲ್ಲ. ನಲವತ್ತೆರಡು ಅಕ್ಕನ ನಂಬರು. ಈಗ ಭಾವನದು.

ಭಾವ ಕಟ್ಟೆಯ ಕೆಳಗೆ ಮೊಪೆಡ್ಡಿನ ಪಕ್ಕದಲ್ಲಿ ನಿಂತಿದ್ದ. ಜೀವಮಾನವೆಲ್ಲ ಲಾರಿ ಓಡಿಸಿದವನು. ಅಕ್ಕ ಕಾಯಿಲೆ ಬೀಳುವವರೆಗೆ ಹಸುವಿನ ಯಾವ ಬದಿಯಲ್ಲಿ ಕೂರಬೇಕು ಅನ್ನುವುದೂ ಅವನಿಗೆ ಗೊತ್ತಿರಲಿಲ್ಲ. ಅಕ್ಕನ ಕಾಲದಲ್ಲಿ ಕ್ಯಾನನ್ನು ಡೈರಿಯ ವ್ಯಾನೇ ಮನೆಬಾಗಿಲಿಂದ ತರುತ್ತಿತ್ತು. ಮನೆಯಲ್ಲಿ ಒಬ್ಬನೇ ಕೂತು ವ್ಯಾನಿಗೆ ಕಾಯುವುದು ತನ್ನ ಕೈಲಾಗುವುದಿಲ್ಲ ಅಂತ ಭಾವ ತಾನೇ ತರುತ್ತಿದ್ದ.

"ಏನಮ್ಮ, ಮತ್ತೆ ಅದೇನಾ?" ಅಂದ.

"ಅದೇ ಭಾವ."

"ಹೋದ ವಾರಕ್ಕಿಂತ ಕಮ್ಮಿ ಇದೆಯಾ?"

"ಇಲ್ಲ."

ಅವಳು ಚೀಟಿ ಬರೆದಳು. ನಂಬರು, ದಿನಾಂಕ, ಮೇವಿನ ವಾಸನೆ, ವಾಪಸು. ಇದು ಎರಡನೆಯದು. ಒಂದು ಹಂಗಾಮಿನಲ್ಲಿ ಮೂರು ಸಲ ವಾಪಸಾದರೆ ಡೈರಿಯವರು ಆ ನಂಬರನ್ನೇ ಹೊಡೆದುಹಾಕುತ್ತಿದ್ದರು, ಆಮೇಲೆ ಆ ಮನೆಯ ಹಾಲನ್ನು ಯಾರೂ ಮುಟ್ಟುತ್ತಿರಲಿಲ್ಲ. ಒಂದು ಕ್ಯಾನು ಕೆಟ್ಟದ್ದು ದೊಡ್ಡ ತೊಟ್ಟಿಗೆ ಬಿದ್ದರೆ ನೂರು ಮನೆಯ ಹಾಲು ಎಲೆಕೋಸಾಗುತ್ತದೆ, ಆದ್ದರಿಂದ ಕಾನೂನು ಅನ್ಯಾಯದ್ದೂ ಅಲ್ಲ.

"ಮೂರನೇದೂ ಆಯ್ತು ಅಂದ್ರೆ ಹಸು ಇಟ್ಕೊಂಡು ಏನು ಮಾಡ್ಲಿ?" ಅಂದ ಭಾವ. "ದಲ್ಲಾಳಿ ಆಗಲೇ ಬಂದು ಬಾಲದ ಬುಡ ಒತ್ತಿ ನೋಡಿ ಹೋದ. ಹುಲ್ಲು ಮೇಯ್ದ ಹಸು, ಕೊಬ್ಬು ಹಳದಿ ಇರುತ್ತೆ, ಕಸಾಯಿ ಅಂಗಡಿ ಗಿರಾಕಿಗೆ ಹಿಡಿಸಲ್ಲ, ಎರಡು ತಿಂಗಳು ಕಾಳು ತಿನ್ನಿಸಿ ಬೆಳ್ಳಗೆ ಮಾಡ್ಕೋತೀನಿ ಅಂದ. ಕೆಂಪಿ ಎದುರಿಗೇ ಅಂದ, ನೋಡು."

ಕೆಂಪಿ ಅಕ್ಕನ ಹಸು. ಅದರ ಮಗಳು ಇನ್ನೊಂದು. ಅಕ್ಕ ಬಿಟ್ಟುಹೋದದ್ದರಲ್ಲಿ ಇನ್ನೂ ಉಸಿರಾಡುತ್ತಿದ್ದದ್ದು ಅವೆರಡೇ. ಅವೂ ಹೋದರೆ ಈ ಮನುಷ್ಯ ಬೆಳಿಗ್ಗೆ ಏಳುವುದಕ್ಕೆ ಕಾರಣವೇ ಇರುವುದಿಲ್ಲ ಅಂತ ತಂಗಿಗೆ ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿದ್ದೂ ಎದೆಯೊಳಗೆ ಏನೂ ಅಲುಗಲಿಲ್ಲ.

"ಭಾನುವಾರ ಬರ್ತೀನಿ ಭಾವ. ಎಲ್ಲಿ ತಪ್ಪಾಗ್ತಿದೆ ನೋಡೋಣ" ಅಂದಳು. "ಅಲ್ಲೀವರೆಗೂ ಕೋಸು ಹಾಕಬೇಡಿ. ಬರೀ ಒಣಹುಲ್ಲು ಹಾಕಿ."

ಭಾನುವಾರ ಮಧ್ಯಾಹ್ನ ಎರಡು ಬಸ್ಸು ಬದಲಾಯಿಸಿ ಹೋದಳು. ಮನೆ ಚೊಕ್ಕಟವಾಗಿತ್ತು, ಒಬ್ಬನೇ ಇರುವ ಗಂಡಸಿನ ಮನೆ ಇರಬಾರದಷ್ಟು ಚೊಕ್ಕಟವಾಗಿತ್ತು. ಅಕ್ಕನ ಚಪ್ಪಲಿ ಬಾಗಿಲ ಹತ್ತಿರ ಜೋಡಿಸಿಟ್ಟಿದ್ದ. ಭಾವ ಚಹಾ ಮಾಡಿಕೊಟ್ಟ. ತಂಗಿ ಕುಡಿದು ಲೋಟ ತೊಳೆದಿಟ್ಟು, ಅಳಿಯನ ಮನೆಗೆ ತಪ್ಪು ಹುಡುಕಲು ಬಂದ ಅತ್ತೆಯ ಹಾಗೆ ಸೆರಗು ಸಿಕ್ಕಿಸಿಕೊಂಡು ಕೊಟ್ಟಿಗೆಗೆ ನಡೆದಳು.

ತಪ್ಪು ಸಿಗಲಿಲ್ಲ. ಗೋದಲಿ ಒರೆಸಿಟ್ಟಿತ್ತು. ನೀರಿನ ತೊಟ್ಟಿಯಲ್ಲಿ ಪಾಚಿ ಇರಲಿಲ್ಲ. ಹಾಲು ಸೋಸುವ ಬಟ್ಟೆಯನ್ನು ಕುದಿಸಿ ಬಿಸಿಲಿಗೆ ಹಾಕಿದ್ದ. ಹಿಂಡಿಯ ಚೀಲಕ್ಕೆ ಕೈ ಹಾಕಿ ಮೂಸಿದಳು, ಬೂಸಾ ಮೂಸಿದಳು, ಒಣಹುಲ್ಲಿನ ನಡುವಿನಿಂದ ಒಂದು ಹಿಡಿ ಎಳೆದು ಮೂಸಿದಳು. ಯಾವುದಕ್ಕೂ ಹೆಸರಿಡುವ ಹಾಗಿರಲಿಲ್ಲ. ಮೂಲೆಯಲ್ಲಿ ಗೋಣಿಯ ಮೇಲೆ ಎಲೆಕೋಸಿನ ಹೊರಗಿನ ಎಲೆಗಳ ರಾಶಿ ಇತ್ತು. ಚಳಿಗಾಲದ ಎರಡು ಮೂರು ತಿಂಗಳು ತರಕಾರಿ ಮಂಡಿಯವರು ಅದನ್ನು ಇದ್ದ ದಿನ ಸುಮ್ಮನೆ ಕೊಡುತ್ತಿದ್ದರು. ಎಲೆಯೂ ತಾಜಾ ಇತ್ತು, ಒಂದೂ ಕೊಳೆತಿರಲಿಲ್ಲ.

"ನಾಲ್ಕು ದಿನದಿಂದ ನೀನು ಹೇಳಿದ ಹಾಗೆ ಬರೀ ಒಣಹುಲ್ಲು" ಅಂದ ಭಾವ. "ಹಾಲು ಅರ್ಧಕ್ಕಿಳೀತು. ಕೋಸು ಹಾಕದೆ ಚಳಿಗಾಲ ದಾಟೋಕಾಗಲ್ಲಮ್ಮ. ನಿಮ್ಮಕ್ಕ ಇಪ್ಪತ್ತು ವರ್ಷ ಹಾಕಿದ್ಳು. ಅವಳ ಹಾಲಿಗಿಲ್ಲದ್ದು ನನ್ನ ಹಾಲಿಗೆ ಯಾಕೆ?"

"ಅದೇ ನಂಗೂ ಬೇಕಾಗಿರೋದು. ಇವತ್ತು ಹಾಕಿ, ಈ ಹೊತ್ತಿನ ಹಾಲು ಡೈರಿಗೆ ಬೇಡ. ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ. ನಾನು ಸುಮ್ಮನೆ ನೋಡ್ತೀನಿ."

ಭಾವ ಕೈ ತೊಳೆದ. ಒಂದು ಬುಟ್ಟಿ ಎಲೆ ತಂದು ಕೆಂಪಿಯ ಮುಂದೆ ಸುರಿದ, ಇನ್ನೊಂದು ಬುಟ್ಟಿ ಅದರ ಮಗಳ ಮುಂದೆ. ಹಸುಗಳು ತಲೆ ಹುದುಗಿಸಿ ಕರಕರ ತಿನ್ನತೊಡಗಿದವು. ಕೆಂಪಿ ಅರ್ಧ ಬುಟ್ಟಿ ಮುಗಿಸುವವರೆಗೆ ಭಾವ ಕಾದ. ಆಮೇಲೆ ಬಿಸಿನೀರಿನಲ್ಲಿ ಕೆಚ್ಚಲು ತೊಳೆದು, ಒರೆಸಿ, ಮುಕ್ಕಾಲಿ ಎಳೆದುಕೊಂಡು ಕೂತು, ಹಾಲು ಕರೆಯಲು ಶುರುಮಾಡಿದ. ಲಾರಿಯ ಸ್ಟಿಯರಿಂಗು ಹಿಡಿದ ದಪ್ಪ ಕೈ ನಿಧಾನವಾಗಿ, ಶ್ರದ್ಧೆಯಿಂದ ಕೆಲಸ ಮಾಡುತ್ತಿತ್ತು.

ಇಷ್ಟೇನಾ, ಅಂದುಕೊಂಡಳು ತಂಗಿ. ಕಟ್ಟೆಗೆ ಬರುವ ಹೊಸಬರಿಗೆಲ್ಲ ಅವಳು ಮೊದಲ ದಿನವೇ ಹೇಳುತ್ತಿದ್ದ ಮಾತು ಇದು: ಎಲೆಕೋಸು, ಮೂಲಂಗಿ, ರಸಮೇವು, ಯಾವುದು ಬೇಕಾದರೂ ಹಾಕಿ, ಹಾಲು ಕರೆದ ಮೇಲೆ ಹಾಕಿ. ಹಸುವಿನ ಹೊಟ್ಟೆಯಿಂದಲೂ ಉಸಿರಿನಿಂದಲೂ ವಾಸನೆ ರಕ್ತಕ್ಕೆ ಹೋಗುತ್ತದೆ, ರಕ್ತದಿಂದ ಕೆಚ್ಚಲಿಗೆ. ಮುಂದಿನ ಸಲ ಕರೆಯುವ ಹೊತ್ತಿಗೆ ಹತ್ತು ಹನ್ನೆರಡು ಗಂಟೆ ಕಳೆದಿರುತ್ತದೆ, ಬಂದ ವಾಸನೆ ಹಾಗೇ ಹೊರಟುಹೋಗಿರುತ್ತದೆ. ಕರೆಯುವ ಮುಂಚೆ ಹಾಕಿದರೆ ಹಾಲಿಗೇ ಇಳಿಯುತ್ತದೆ. ಅದೇ ಎಲೆ, ಅದೇ ಹಸು. ಯಾವುದು ಮೊದಲು ಅನ್ನುವುದೊಂದೇ ವ್ಯತ್ಯಾಸ. ಭಾವನಿಗೆ ಮಾತ್ರ ಹೇಳಿರಲಿಲ್ಲ, ಅಕ್ಕ ಕಲಿಸಿರುತ್ತಾಳೆ ಅಂದುಕೊಂಡಿದ್ದಳು. ಅಕ್ಕನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇವಳು ಡೈರಿ ಸೇರುವ ಮುಂಚಿನಿಂದಲೂ ಅವಳಿಗೆ ಗೊತ್ತಿತ್ತು.

"ಭಾವ, ಎಲೆ ಮೊದಲು ಹಾಕಬಾರದು. ಕರೆದು ಮುಗಿಸಿ, ಹಾಲಿನ ಪಾತ್ರೆ ಕೊಟ್ಟಿಗೆಯಿಂದ ಆಚೆ ಹೋದ ಮೇಲೆ ಹಾಕಬೇಕು."

"ಇಲ್ಲಮ್ಮ, ಎಲೆ ಮೊದಲು" ಅಂದ ಭಾವ, ತಿರುಗಿ ನೋಡದೆ. "ಅವಳು ಹಾಗೇ ಮಾಡ್ತಿದ್ಳು."

"ಅಕ್ಕನಾ? ಅಕ್ಕ ಯಾವತ್ತೂ ಹಾಗೆ ಮಾಡಿಲ್ಲ."

"ನಾನು ಕಣ್ಣಾರೆ ನೋಡಿದೀನಿ. ಹೋದ ಚಳಿಗಾಲ, ಲಾರಿ ಬಿಟ್ಟು ಮನೇಲಿ ಕೂತೆನಲ್ಲ, ಆಗ. ಪಕ್ಕದಲ್ಲೇ ನಿಂತು ಕಲಿತದ್ದು. ಮೊದಲು ಎಲೆ, ಕೆಂಪಿ ತಲೆ ತಗ್ಗಿಸಿದ ಮೇಲೆ ಕರೆಯೋದು. ಅವಳ ಕೈಯಲ್ಲಿ ಬಲ ಇರ್ಲಿಲ್ಲ ನೋಡು. ನಿಧಾನಕ್ಕೆ ಕರೆದ್ರೆ ಈ ಕೆಂಪಿ ಒದೀತಿತ್ತು. ತಿಂತಾ ಇದ್ರೆ ಸುಮ್ಮನೆ ನಿಲ್ಲುತ್ತೆ ಅಂತ..."

ಭಾವ ಮಾತು ಮುಂದುವರಿಸಿದ. ಮಧ್ಯೆ ಮಧ್ಯೆ ಅಕ್ಕ ಗೋಡೆಗೆ ತಲೆಯಾನಿಸಿ ಕೂರುತ್ತಿದ್ದದ್ದು, ಒಂದು ಹಸು ಕರೆಯಲು ಮುಕ್ಕಾಲು ಗಂಟೆ ಹಿಡಿಯುತ್ತಿದ್ದದ್ದು. ಕೋಸಿನ ಕಾಲ ಮುಗಿದು ಹಸಿ ಹುಲ್ಲು ಬಂದ ಮೇಲೆ ಪೂರ್ತಿ ಅವನೇ ಕರೆಯತೊಡಗಿದ್ದು. ತಂಗಿ ಕೇಳುತ್ತಲೇ ಇದ್ದಳು. ಪಾತ್ರೆಗೆ ಬೀಳುವ ಹಾಲಿನ ಸದ್ದೂ ಕೇಳುತ್ತಿತ್ತು.

ಹೋದ ಚಳಿಗಾಲದ ಕೊನೆಯಲ್ಲಿ ನಲವತ್ತೆರಡನೇ ಕ್ಯಾನು ಎರಡು ಸಲ ವಾಪಸಾಗಿತ್ತು. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ವಾಪಸಾಗದ ಕ್ಯಾನು, ಹದಿನೈದು ದಿನದಲ್ಲಿ ಎರಡು ಸಲ. ಎರಡು ಚೀಟಿಯನ್ನೂ ಬರೆದವಳು ಇವಳೇ. ಬರೆದಾಗ ಏನನ್ನಿಸಿತ್ತು ಅನ್ನುವುದೂ ನೆನಪಿತ್ತು. ವಯಸ್ಸಾಯಿತು, ಅಕ್ಕನಿಗೆ ಸೋಮಾರಿತನ ಬಂತು ಅನ್ನಿಸಿತ್ತು. ಜೊತೆಗೆ ಸ್ವಲ್ಪ ಹೆಮ್ಮೆ. ಕಟ್ಟೆಯ ಮೇಲೆ ಎಲ್ಲರಿಗೂ ಕೇಳುವಂತೆ "ನಲವತ್ತೆರಡು, ವಾಪಸು!" ಅಂದಿದ್ದಳು. ಸ್ವಂತ ಅಕ್ಕನದೂ ಬಿಡಲ್ಲ ನೋಡಿ ಈ ಮೇಡಂ, ಅಂತ ವ್ಯಾನಿನ ಡ್ರೈವರು ಹೊಗಳಿದ್ದ. ಆ ಹೊಗಳಿಕೆ ಆ ದಿನವೆಲ್ಲ ಸಿಹಿಯಾಗಿತ್ತು. ಆ ವಾರ ಫೋನಿನಲ್ಲಿ ಅಕ್ಕ, ಸ್ವಲ್ಪ ಸುಸ್ತು ಕಣೇ, ಅಂದಿದ್ದಳು. ಯಾರಿಗಿಲ್ಲ ಸುಸ್ತು, ಅಂದಿದ್ದಳು ಇವಳು. ಅಕ್ಕ ಆಸ್ಪತ್ರೆ ಸೇರಿದ ಸುದ್ದಿ ಬಂದದ್ದು ಅದಾಗಿ ಒಂದೂವರೆ ತಿಂಗಳಿಗೆ.

ಹಸು ಏನು ತಿಂದಿದೆ ಅಂತ ಹೇಳಿದ ಮೂಗು, ಯಾಕೆ ಆ ಹೊತ್ತಿನಲ್ಲಿ ತಿಂದಿತು ಅಂತ ಕೇಳಿರಲಿಲ್ಲ. ಇಪ್ಪತ್ತು ವರ್ಷ ತಪ್ಪದ ಕೈ ಒಂದು ದಿನ ಹಿಂದುಮುಂದಾಗಿದೆ ಅಂದರೆ ಆ ಕೈಗೇ ಏನೋ ಆಗಿದೆ. ಅದು ಹಾಲಿನಲ್ಲೇ ಇತ್ತು. ಅಷ್ಟು ದೊಡ್ಡದಾಗಿ ಬರೆದದ್ದನ್ನು ಓದದೆ, ಮೇವಿನ ವಾಸನೆ ಅಂತ ಗೀಚಿ ಕಳಿಸಿದ್ದಳು.

ಇಷ್ಟೆಲ್ಲ ತಿಳಿದ ಮೇಲೆ ಏನಾದರೂ ಆಗಬೇಕಿತ್ತು. ತಂಗಿ ಕಾದಳು. ಏನೂ ಆಗಲಿಲ್ಲ. ಗೋದಲಿಯ ಕಟ್ಟಿಗೆಯ ಮೇಲೆ ಒಂದು ಎಲೆ ಬಿದ್ದಿತ್ತು, ಎತ್ತಿ ಒಳಗೆ ಹಾಕಿದಳು. ತನ್ನ ಬಗ್ಗೆಯೇ ಅವಳಿಗೆ ಅಸಹ್ಯವಾಯಿತು, ಆದರೆ ಅದೂ ದೂರದಲ್ಲಿ ಯಾರಿಗೋ ಆದ ಹಾಗೆ ಇತ್ತು.

"ಭಾವ" ಅಂದಳು, "ಅದು ಅಕ್ಕನ ಪದ್ಧತಿ ಅಲ್ಲ. ಅದು ಕಾಯಿಲೆ ಪದ್ಧತಿ. ಚೆನ್ನಾಗಿದ್ದಾಗ ಅವಳು ಕರೆದ ಮೇಲೇ ಎಲೆ ಹಾಕ್ತಿದ್ದದ್ದು. ನೀವು ಆಗ ಲಾರಿ ಮೇಲಿದ್ರಿ."

ಭಾವನ ಕೈ ನಿಂತಿತು. ಕೆಂಪಿ ತಿರುಗಿ ನೋಡಿತು.

"ನಂಗೆ ಅವಳು ಕಲಿಸಿದ್ದು ಇದೊಂದೇ" ಅಂದ. ದನಿ ಗಡುಸಾಗಿತ್ತು. "ಮೂವತ್ತು ವರ್ಷದ ಸಂಸಾರದಲ್ಲಿ ಅವಳ ಪಕ್ಕ ಕೂತು ನಾನು ಕಲಿತದ್ದು ಇದೊಂದೇ ಕೆಲಸ. ಅದೂ ಅವಳದ್ದಲ್ಲ ಅಂತೀಯಾ?"

ತಂಗಿ ಖಾಲಿ ಬುಟ್ಟಿಯನ್ನು ಎತ್ತಿ ಮೂಲೆಗಿಟ್ಟಳು.

"ಹಸು ಉಳೀಬೇಕು ಅಂದ್ರೆ ನಾಳೆ ಮೊದಲು ಕರೀರಿ" ಅಂದಳು. "ಮೂರನೇದೂ ಹೀಗೇ ಬಂದ್ರೆ ನಾನು ವಾಪಸು ಬರೀಲೇಬೇಕು. ನನ್ನ ಹತ್ರ ಬೇರೆ ದಾರಿ ಇಲ್ಲ ಭಾವ."

"ಬರಿ. ನಿಂಗೆ ರೂಢಿ ಇದೆಯಲ್ಲ" ಅಂದ ಭಾವ.

ಅವನು ಮತ್ತೆ ಕರೆಯತೊಡಗಿದ. ತಂಗಿ ಬಸ್ಸಿನ ಹೊತ್ತಾಯಿತು ಅಂತ ಹೇಳಿ ಹೊರಟಳು.

ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಎಂದಿನಂತೆ ಕ್ಯಾನುಗಳ ಸಾಲು. ಮೊಪೆಡ್ಡು ಬಂದು ನಿಂತದ್ದನ್ನು ತಂಗಿ ಓರೆಗಣ್ಣಿನಲ್ಲೇ ನೋಡಿದಳು. ಪಕ್ಕದ ಸಾಲಿನಲ್ಲಿ ಇನ್ನೊಬ್ಬ ಪರೀಕ್ಷಕನಿದ್ದ, ಶೀತ ನೆಗಡಿ ಯಾವಾಗಲೂ ಇರುವವನು. ಅವನ ಸಾಲಿಗೆ ಕಳಿಸಿಬಿಟ್ಟರೆ ಕೋಸು ತುಂಬಿದ ಕ್ಯಾನೂ ಪಾಸಾಗುತ್ತಿತ್ತು. ಹಾಗೆ ಮಾಡಲೇ ಅಂತ ಒಂದು ಗಳಿಗೆ ಯೋಚಿಸಿದಳು. ಅಷ್ಟರಲ್ಲಿ ಭಾವನೇ ಕ್ಯಾನನ್ನು ಎತ್ತಿ ಅವಳ ಮುಂದಿಟ್ಟ.

ಅವಳು ಮುಚ್ಚಳ ತೆಗೆದು ಬಗ್ಗಿದಳು. ಮೊದಲ ಉಸಿರು. ಬೆಚ್ಚಗಿನ ಹಾಲು, ಅಷ್ಟೇ. ಬೇರೆ ಏನೂ ಇರಲಿಲ್ಲ. ಸೌಟು ಹಾಕಿ ಬಾಯಿಗೆ ತೆಗೆದುಕೊಂಡಳು. ನಾಲಗೆಯ ತುದಿಗೆ ಸ್ವಲ್ಪ ಸಿಹಿ, ಹಿಂದೆ ಏನೂ ಇಲ್ಲ. ಉಗಿಯುವುದು ಬಿಟ್ಟು ನುಂಗಿದಳು.

"ನಲವತ್ತೆರಡು, ಪಾಸು" ಅಂದಳು.

ಭಾವ ಉಸಿರು ಬಿಟ್ಟ. ಪ್ಯಾಂಟು ಎತ್ತಿ ಮೊಣಕಾಲಿನ ಕೆಳಗೆ ಕೆಂಪಗೆ ಊದಿದ್ದನ್ನು ತೋರಿಸಿದ. "ಎರಡು ಸಲ ಒದೀತು, ಹಾಳಾದ್ದು. ಬರೀ ಗೋದಲಿ ನೋಡಿ ಸಿಟ್ಟು ಬಂದಿತ್ತು ಅದಕ್ಕೆ. ರಾಜಿ ಮಾಡ್ಕೊಂಡು ಕರೆದೆ." ಪ್ಯಾಂಟು ಇಳಿಬಿಟ್ಟು, "ಅವಳು ಚೆನ್ನಾಗಿದ್ದಾಗಿನ ಹಾಲು ಹೀಗೇ ಇತ್ತಾ?" ಅಂತ ಕೇಳಿದ.

"ಹೀಗೇ ಇತ್ತು ಭಾವ."

ಅವನು ತಲೆಯಾಡಿಸಿದ. ಹಸುಗಳು ಉಳಿದವು. ಇನ್ನು ಹೊರಡಬಹುದಿತ್ತು, ಆದರೆ ತಂಗಿ ಕ್ಯಾನಿನ ಹಿಡಿ ಬಿಟ್ಟಿರಲಿಲ್ಲ.

"ಭಾವ, ಹೋದ ಚಳಿಗಾಲದ ಆ ಎರಡು ಚೀಟಿ ನಾನೇ ಬರೆದದ್ದು. ಆಗಲೇ ನಾನು ಮನೆಗೆ ಬರಬೇಕಿತ್ತು."

"ನೀನೇ ಬರೆದದ್ದು ಅಂತ ಅವಳಿಗೆ ಗೊತ್ತಿತ್ತಮ್ಮ. ನಿನ್ನ ಅಕ್ಷರ ಗೊತ್ತಿಲ್ವಾ ಅವಳಿಗೆ?" ಭಾವನ ದನಿಯಲ್ಲಿ ನಿನ್ನೆಯ ಗಡುಸು ಇರಲಿಲ್ಲ. "ಆಸ್ಪತ್ರೆಗೆ ಬಾ ಅಂದ್ರೆ ನನ್ನ ಮಾತು ಎಲ್ಲಿ ಕೇಳ್ತಿದ್ಳು. ಪುಟ್ಟಿಗೆ ಫೋನ್ ಮಾಡ್ತೀನಿ, ಅವಳು ಬಂದು ಬೈದ್ರೆ ಹೋಗ್ತೀಯಾ ಅಂದೆ. ಬೇಡ, ಫೋನು ಬೇಡ ಅಂದ್ಳು. ಹಾಲು ಮೂಸಿದ್ರೆ ಅವಳಿಗೇ ಗೊತ್ತಾಗುತ್ತೆ, ತಾನೇ ಓಡಿ ಬರ್ತಾಳೆ ಅಂದ್ಳು. ಮೊದಲನೇ ಚೀಟಿ ಬಂತಲ್ಲ, ನೋಡಿ ನಕ್ಕಳು. ನೋಡಿ ನನ್ನ ತಂಗಿ ಮೂಗು, ಸಾಯಂಕಾಲ ಬರ್ತಾಳೆ, ಚಹಾಕ್ಕೆ ನೀರು ಜಾಸ್ತಿ ಇಡಿ ಅಂದ್ಳು. ಎದ್ದು ತಲೆ ಬಾಚ್ಕೊಂಡ್ಳು."

ಹಿಂದಿನ ಸಾಲಿನಲ್ಲಿ ಯಾರೋ ಕ್ಯಾನಿಗೆ ಕ್ಯಾನು ತಾಕಿಸಿ ಅವಸರ ಮಾಡಿದರು.

"ಎರಡನೇದು ಬಂದಾಗ?" ಅಂದಳು ತಂಗಿ.

"ಎರಡನೇದು ಬಂದಾಗ ಏನೂ ಅನ್ನಲಿಲ್ಲಮ್ಮ."

ಭಾವ ಮೊಪೆಡ್ಡಿನ ಕಡೆ ನಡೆದ. ನಲವತ್ತೆರಡನೇ ಕ್ಯಾನು ತೊಟ್ಟಿಗೆ ಹೋಯಿತು, ಅದರ ಜಾಗಕ್ಕೆ ನಲವತ್ತಮೂರು ಬಂತು. ತಂಗಿ ಮುಚ್ಚಳ ತೆಗೆದು ಬಗ್ಗಿದಳು. ಮತ್ತೊಮ್ಮೆ ಬಗ್ಗಿದಳು. ಕ್ಯಾನಿನ ಒಡೆಯ ಏನಾಯಿತು ಮೇಡಂ ಅಂದ. ಅವಳಿಗೆ ಯಾವ ವಾಸನೆಯೂ ಸಿಗಲಿಲ್ಲ. ಮೂಗು ಪೂರ್ತಿ ಕಟ್ಟಿಹೋಗಿತ್ತು, ಗಲ್ಲದಿಂದ ನೀರು ಇಳಿದು ಮುಚ್ಚಳದ ಮೇಲೆ ಬೀಳುತ್ತಿತ್ತು. ಆ ಹಾಲಿಗೆ ತಾಕಬಾರದು ಅಂತ ಅವಳು ಮುಚ್ಚಳ ಹಾಕಿ, "ಸಾಲು ನಿಲ್ಲಿಸಿ" ಅಂದಳು.